ಮೂರು ಕಾಗದ, ಮೂರು ಹೆಸರು, ಒಂದೇ ಮಂಡಿ

ಓದುಗರ ಪ್ರಶ್ನೆ: ನನ್ನ ಮಗಳಿಗೆ 20 ವರ್ಷ, ಹಾಸನದಲ್ಲಿ ಪದವಿ ಓದುತ್ತಿದ್ದಾಳೆ. ಕಳೆದ ಜುಲೈ ಮಳೆಯಲ್ಲಿ ಗೆಳತಿಯ ಸ್ಕೂಟರಿನ ಹಿಂದೆ ಕುಳಿತು ಹೋಗುತ್ತಿದ್ದಾಗ ಗಾಡಿ ಜಾರಿ ಬಿದ್ದು ಎಡ ಮಂಡಿ ತಿರುಚಿಕೊಂಡಿತು. ಹತ್ತಿರದ ನರ್ಸಿಂಗ್ ಹೋಂನ ವೈದ್ಯರು ಕಾಲನ್ನು ನಿಧಾನವಾಗಿ ನೇರ ಮಾಡಿದಾಗ ‘ಟಕ್’ ಎಂದು ಸರಿಯಾಗಿ ಕೂತಿತು. ಸಿರಿಂಜಿನಲ್ಲಿ ರಕ್ತ ತೆಗೆದು, ಚೀಟಿಯಲ್ಲಿ ‘ನೀ ಡಿಸ್‌ಲೊಕೇಶನ್’ ಎಂದು ಬರೆದುಕೊಟ್ಟರು. ನಂತರ ಮಾಡಿಸಿದ ಎಂಆರ್‌ಐ ವರದಿಯಲ್ಲಿ ಮಂಡಿಚಿಪ್ಪಿನ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರುಪಟ್ಟಿ) ಹರಿದಿದೆ, ಚಿಪ್ಪಿನ ಒಳ ಅಂಚಿನಲ್ಲಿ ಮತ್ತು ತೊಡೆಮೂಳೆಯ ಹೊರಬದಿಯಲ್ಲಿ ಮೂಳೆ ಜಜ್ಜಿದೆ, ಚಿಪ್ಪಿನಿಂದ ಒಂದು ಸಣ್ಣ ಚೂರು ಕಳಚಿದೆ ಎಂದಿದೆ. 19 ದಿನಗಳ ನಂತರ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅಲ್ಲಿನ ಡಿಸ್ಚಾರ್ಜ್ ಸಾರಾಂಶದಲ್ಲಿ ‘ಇಂಟರ್ನಲ್ ಡಿರೇಂಜ್‌ಮೆಂಟ್’ ಎಂದೂ, ಕೋಡ್ ಎಂ23.9 ಎಂದೂ ಇದೆ. ನಮ್ಮ ಪಾಲಿಸಿಗೆ 14 ತಿಂಗಳಾಗಿದೆ. ಇದು ಪಾಲಿಸಿ ಶುರುವಾಗಿ 24 ತಿಂಗಳಾಗುವವರೆಗೆ ಹಣ ಸಿಗದ ‘ಕಾಯುವ ಅವಧಿ’ಯ ಪಟ್ಟಿಯಲ್ಲಿರುವ ತೊಂದರೆ, ವಿವರಣೆ ಕೊಡಿ ಎಂದು ವಿಮಾ ಕಂಪನಿ ಕೇಳಿದೆ. ಏಜೆಂಟರು ‘ಎಸ್83.1 ಎಂದು ಬದಲಾಯಿಸಿ ತನ್ನಿ, ದೊಡ್ಡ ಗಾಯ, ಹಣ ಬರುತ್ತದೆ’ ಎನ್ನುತ್ತಾರೆ. ಅಂತರಜಾಲದಲ್ಲಿ ಎಸ್83.105ಎ ಎಂದು ಕಂಡೆ. ಯಾವುದು ಸರಿ? ಇನ್ನೊಂದು ಮಾತು: ಮಗಳು ಪಿಯುಸಿಯಲ್ಲಿದ್ದಾಗ, ಸುಮಾರು ಮೂರು ವರ್ಷದ ಹಿಂದೆ, ಥ್ರೋಬಾಲ್ ಆಡುವಾಗ ಚಿಪ್ಪು ಒಮ್ಮೆ ಸರಿದು ತಾನೇ ಕೂತಿತ್ತಂತೆ. ವೈದ್ಯರಿಗೆ ತೋರಿಸಿರಲಿಲ್ಲ. ಬೆಂಗಳೂರಿನಲ್ಲಿ ದಾಖಲಾಗುವಾಗ ಅವಳು ಅದನ್ನು ಹೇಳಿದ್ದಾಳೆ. ಹೇಳಬಾರದಿತ್ತೇ?

ಉತ್ತರ: ನೀವು ಕಳುಹಿಸಿದ ಮೂರು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಓದಿದೆ. ನರ್ಸಿಂಗ್ ಹೋಂನ ಚೀಟಿ ಮಂಡಿಯ ಕೀಲೇ ತಪ್ಪಿತ್ತು ಎನ್ನುತ್ತದೆ. ಎಂಆರ್‌ಐ ವರದಿ ಓದಿದರೆ ಜಾರಿದ್ದು ಮಂಡಿಚಿಪ್ಪು ಎನಿಸುತ್ತದೆ. ಡಿಸ್ಚಾರ್ಜ್ ಸಾರಾಂಶದಲ್ಲಂತೂ ಮಗಳು ಸ್ಕೂಟರಿನಿಂದ ಬಿದ್ದ ಸಂಗತಿಯೇ ಇಲ್ಲ. ಅದನ್ನು ಮಾತ್ರ ಓದಿದವರು ಈ ಹುಡುಗಿಗೆ ಬಹಳ ದಿನದಿಂದ ಮಂಡಿನೋವು ಇತ್ತೆಂದು ತಿಳಿಯುತ್ತಾರೆ. ವಿಮಾ ಕಂಪನಿಯ ವೈದ್ಯರು ಓದಿದ್ದು ಆ ಕಾಗದವನ್ನೇ.

ನಾನು ವೈದ್ಯನಲ್ಲ. ಕೊನೆಯ ಆರು ವರ್ಷ ಬೆಂಗಳೂರಿನಲ್ಲಿ ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಕೋಡ್ ಹಾಕುತ್ತಿದ್ದೆ, ಅಂದರೆ ವೈದ್ಯರು ಬರೆದ ರೋಗ, ಗಾಯಗಳ ಹೆಸರನ್ನು ಅಕ್ಷರ, ಅಂಕಿಗಳಿಗೆ ಇಳಿಸುವ ಕೆಲಸ. ಅದಕ್ಕೂ ಹಿಂದಿನ ಎರಡು ದಶಕಗಳನ್ನು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ, ಕೇಸ್‌ಶೀಟುಗಳ ನಡುವೆ ಕಳೆದಿದ್ದೇನೆ. ಮಗಳಿಗೆ ಆಗಿದ್ದೇನು ಎಂದು ತೀರ್ಮಾನಿಸುವ ಅಧಿಕಾರ ಅವಳ ಮೂಳೆ ತಜ್ಞರದು. ಅವರು ಬರೆದ ಮಾತು ಕೋಡ್ ಆಗುವುದು ಹೇಗೆ, ಎಲ್ಲಿ ಎಡವುತ್ತದೆ, ಎಡವಿದ್ದನ್ನು ಸರಿಪಡಿಸುವ ನೇರ ದಾರಿ ಯಾವುದು ಎಂಬುದನ್ನು ನಾನು ಹೇಳಬಲ್ಲೆ.

ಮೊದಲು ಗೊಂದಲದ ಬೇರಿಗೆ ಹೋಗೋಣ. ‘ಮಂಡಿ ತಪ್ಪಿತು’ ಎಂದು ನಾವು ಕನ್ನಡದಲ್ಲಿ ಎರಡು ಬೇರೆ ಬೇರೆ ಗಾಯಗಳಿಗೆ ಹೇಳುತ್ತೇವೆ. ಅವಸರದಲ್ಲಿ ಬರೆಯುವ ವೈದ್ಯರೂ ‘ನೀ ಡಿಸ್‌ಲೊಕೇಶನ್’ ಎಂದು ಎರಡಕ್ಕೂ ಬರೆದುಬಿಡುತ್ತಾರೆ. ಮಂಡಿಯಲ್ಲಿ ತೊಡೆಮೂಳೆಯ ಕೆಳತುದಿ ಕಣಕಾಲಿನ ದೊಡ್ಡ ಮೂಳೆಯಾದ ಟಿಬಿಯಾದ ಮೇಲೆ ಕೂತಿರುತ್ತದೆ. ಮುಂದೆ ಗುಬಟೆಯಂತೆ ಮಂಡಿಚಿಪ್ಪು ಇರುತ್ತದೆ. ಚಿಪ್ಪು ತನ್ನ ತೋಡಿನಿಂದ ಹೊರಬದಿಗೆ ಸರಿದರೆ ಅದು ಒಂದು ಗಾಯ. ತೊಡೆಮೂಳೆ ಮತ್ತು ಟಿಬಿಯಾ ಒಂದನ್ನೊಂದು ಬಿಟ್ಟು ಕದಲಿದರೆ ಅದು ಇನ್ನೊಂದು, ಬಹಳ ಅಪರೂಪದ್ದು, ಬಹಳ ಭಯಂಕರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿ, ಅಂದರೆ ಐಸಿಡಿ-10, ಮೊದಲನೆಯದಕ್ಕೆ ಎಸ್83.0 ಕೊಟ್ಟಿದೆ, ಎರಡನೆಯದಕ್ಕೆ ಎಸ್83.1. ಕಾಗದದ ಮೇಲೆ ಇವುಗಳ ನಡುವೆ ಇರುವ ವ್ಯತ್ಯಾಸ ಒಂದೇ ಅಂಕಿ. ಆಸ್ಪತ್ರೆಯಲ್ಲಿ ಅದು ಕಾಲು ಉಳಿಯುವುದರ ಮತ್ತು ಕಳೆದುಕೊಳ್ಳುವುದರ ನಡುವಿನ ವ್ಯತ್ಯಾಸ ಆಗಬಹುದು.

ಏಕೆಂದರೆ ಮಂಡಿಯ ಹಿಂಭಾಗದಲ್ಲಿ ಕಾಲಿಗೆ ರಕ್ತ ಒಯ್ಯುವ ಪಾಪ್ಲಿಟಿಯಲ್ ಅಪಧಮನಿ ಹಾಯುತ್ತದೆ. ಅದು ಮಂಡಿಯ ಮೇಲೂ ಕೆಳಗೂ ಬಿಗಿಯಾಗಿ ಕಟ್ಟಿದ ಹಗ್ಗದಂತಿರುತ್ತದೆ. ಮೂಳೆಗಳು ಕದಲಿದಾಗ ತಪ್ಪಿಸಿಕೊಳ್ಳಲು ಜಾಗವಿಲ್ಲದೆ ಅದು ಹಿಗ್ಗಿ ಹರಿಯಬಹುದು, ಅಥವಾ ಒಳಪದರ ಸೀಳಿ ಮುಚ್ಚಿಕೊಳ್ಳಬಹುದು. ರಕ್ತ ನಿಂತು ಆರರಿಂದ ಎಂಟು ಗಂಟೆ ಕಳೆದರೆ ಕಾಲನ್ನು ಉಳಿಸುವುದು ಕಷ್ಟ. ಇನ್ನೂ ಕೆಟ್ಟದ್ದೆಂದರೆ, ಹೀಗೆ ಕದಲಿದ ಮಂಡಿ ಎಷ್ಟೋ ಸಲ ಆಸ್ಪತ್ರೆ ತಲುಪುವ ಮೊದಲೇ ತಾನಾಗಿ ಕೂತುಬಿಡುತ್ತದೆ. ಎಕ್ಸ್‌ರೇಯಲ್ಲಿ ಮೂಳೆಗಳು ಸರಿಯಾಗಿಯೇ ಕಾಣುತ್ತವೆ.

ಅಂಥ ಒಂದು ಕಡತ ಇಂದಿಗೂ ನನ್ನ ಕಣ್ಣ ಮುಂದಿದೆ. ಬೈಕಿನಿಂದ ಬಿದ್ದ ಯುವಕ. ತುರ್ತು ವಿಭಾಗದ ಹಾಳೆಯಲ್ಲಿ ‘ಎಡ ಮಂಡಿ ಉಳುಕು, ಮೂಳೆ ಮುರಿದಿಲ್ಲ’ ಎಂದಿತ್ತು. ಅದರ ಕೆಳಗೆ ರಾತ್ರಿ ಪಾಳಿಯ ಶುಶ್ರೂಷಕಿ ನೀಲಿ ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: ‘3.40: ಎಡ ಪಾದ ತಣ್ಣಗಿದೆ, ಬೆರಳು ಬಿಳಿಚಿವೆ, ವೈದ್ಯರಿಗೆ ತಿಳಿಸಲಾಗಿದೆ.’ ಆ ಸಾಲು ಬರೆದ ಮೇಲೆ ಎಲ್ಲವೂ ಬದಲಾಯಿತು. ಕಾಲು ಮತ್ತು ಕೈಯ ರಕ್ತದೊತ್ತಡದ ಅನುಪಾತ ಅಳೆದರು; ಅದು 0.9ಕ್ಕಿಂತ ಕೆಳಗಿತ್ತು. ಸಿಟಿ ಆಂಜಿಯೊಗ್ರಾಂ ಆಯಿತು, ಬೆಳಗಾಗುವುದರೊಳಗೆ ರಕ್ತನಾಳದ ಶಸ್ತ್ರಚಿಕಿತ್ಸೆಯೂ ಆಯಿತು. ಆ ಕಡತಕ್ಕೆ ಎಸ್83.1 ಜೊತೆಗೆ ಅಪಧಮನಿಯ ಗಾಯಕ್ಕೆ ಎಸ್85.0 ಹಾಕಿದ್ದು ನಾನು. ಪಾದ ಎತ್ತಲು ಆಗದಂತೆ ಪೆರೋನಿಯಲ್ ನರಕ್ಕೂ ಪೆಟ್ಟಾಗಿದ್ದರಿಂದ ಎಸ್84.1 ಕೂಡ ಸೇರಿತು.

ಇಷ್ಟು ಉದ್ದ ಹೇಳಿದ್ದು ನಿಮ್ಮ ಏಜೆಂಟರ ಸಲಹೆಗಾಗಿ. ಎಸ್83.1 ಎಂದು ಬರೆದ ಕಡತವನ್ನು ವಿಮಾ ಕಂಪನಿಯ ವೈದ್ಯರು ತೆರೆದರೆ ಅವರು ಮೊದಲು ಹುಡುಕುವುದು ಈ ಪಾದದ ನಾಡಿಯ ದಾಖಲೆಯನ್ನು, ರಕ್ತನಾಳದ ಪರೀಕ್ಷೆಯನ್ನು, ಒಂದಕ್ಕಿಂತ ಹೆಚ್ಚು ಮುಖ್ಯ ಲಿಗಮೆಂಟುಗಳು ಹರಿದ ವಿವರವನ್ನು. ನಿಮ್ಮ ಮಗಳ ಕಡತದಲ್ಲಿ ಅವು ಒಂದೂ ಇಲ್ಲ, ಇರಬೇಕಾದ ಕಾರಣವೂ ಇಲ್ಲ. ಕಾಲನ್ನು ನೇರ ಮಾಡಿದ ಕೂಡಲೇ ‘ಟಕ್’ ಎಂದು ಕೂರುವುದು ಮಂಡಿಚಿಪ್ಪಿನ ಲಕ್ಷಣ. ಎಂಆರ್‌ಐನಲ್ಲಿ ಚಿಪ್ಪಿನ ಒಳ ಅಂಚೂ ತೊಡೆಮೂಳೆಯ ಹೊರಬದಿಯೂ ಜಜ್ಜಿರುವುದು ಚಿಪ್ಪು ಹೊರಗೆ ಹಾರಿ ಮರಳುವಾಗ ಮೂಳೆಗೆ ಬಡಿದ ಗುರುತು. ಅಂದರೆ ಎಲ್ಲ ಕುರುಹುಗಳೂ ಎಸ್83.0 ಕಡೆಗೆ ಬೆರಳು ಮಾಡುತ್ತವೆ. ಇಂಥ ಕಡತದ ಮೇಲೆ ಎಸ್83.1 ಅಂಟಿಸಿದರೆ ಅದು ಐದು ನಿಮಿಷದಲ್ಲಿ ಬಯಲಾಗುತ್ತದೆ. ತಿಳಿದೂ ಸುಳ್ಳು ದಾಖಲೆ ಕೊಟ್ಟರೆಂದು ಕಂಪನಿ ಈ ಕ್ಲೇಮನ್ನಷ್ಟೇ ಅಲ್ಲ, ಪಾಲಿಸಿಯನ್ನೇ ರದ್ದು ಮಾಡಬಹುದು. ನನಗೆ ಅದಕ್ಕಿಂತ ಹೆಚ್ಚು ಚಿಂತೆ ನಿಮ್ಮ ಮಗಳದು. ಈ ಕಾಗದ ಅವಳ ಜೊತೆ ಬದುಕಿಡೀ ಇರುತ್ತದೆ. ಹತ್ತು ವರ್ಷದ ನಂತರ ಬೇರೊಬ್ಬ ವೈದ್ಯರು ಅದನ್ನು ನೋಡಿ ಇಲ್ಲದ ಗಾಯವನ್ನು ಲೆಕ್ಕಕ್ಕೆ ತೆಗೆದುಕೊಂಡು ಚಿಕಿತ್ಸೆ ನಿರ್ಧರಿಸುವುದು ಬೇಡ. ನರ್ಸಿಂಗ್ ಹೋಂನ ಚೀಟಿಯಲ್ಲಿರುವ ‘ನೀ ಡಿಸ್‌ಲೊಕೇಶನ್’ ಎಂಬ ಪದವನ್ನು ನೆಪ ಮಾಡಿಕೊಳ್ಳುವುದೂ ಬೇಡ. ಆ ವೈದ್ಯರು ಮಾಡಿದ ಕೆಲಸ ಸರಿಯಾಗಿದೆ, ಬರೆದ ಹೆಸರು ಮಾತ್ರ ಸಡಿಲವಾಗಿದೆ.

ಇನ್ನು ಎಸ್ ಮತ್ತು ಎಂ ಎಂಬ ಅಕ್ಷರಗಳ ವಿಷಯ. ನಿಮ್ಮ ಹಣದ ಪ್ರಶ್ನೆ ನಿಂತಿರುವುದು ಇಲ್ಲೇ. 1990ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ ಐಸಿಡಿ-10ರಲ್ಲಿ ಹದಿಮೂರನೆಯ ಅಧ್ಯಾಯ ಎಂ ಅಕ್ಷರದ್ದು. ಮೂಳೆ, ಕೀಲು, ಸ್ನಾಯುಗಳ ಕಾಯಿಲೆಗಳು ಅಲ್ಲಿವೆ. ಸವೆತ, ಪದೇ ಪದೇ ಮರುಕಳಿಸುವ ತೊಂದರೆ, ಹಳೆಯ ಗಾಯ ಉಳಿಸಿಹೋದ ದೌರ್ಬಲ್ಯ ಎಲ್ಲವೂ ಅದರೊಳಗೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಎಸ್ ಅಕ್ಷರದಿಂದ ಹೊಸ ಗಾಯಗಳು ಬರುತ್ತವೆ. ಎಸ್00 ಎಂದರೆ ತಲೆ. ಅಲ್ಲಿಂದ ದೇಹದುದ್ದಕ್ಕೂ ಇಳಿಯುತ್ತಾ ಎಸ್80ರಿಂದ 89ರವರೆಗೆ ಮಂಡಿ ಮತ್ತು ಕಣಕಾಲು, ಎಸ್90ಕ್ಕೆ ಪಾದ. ಹಾಗಾಗಿ ಒಂದೇ ಮಂಡಿಯ ಒಂದೇ ಹರಿದ ಲಿಗಮೆಂಟು ‘ನಿನ್ನೆ ಬಿದ್ದಾಗ ಹರಿಯಿತು’ ಎಂದು ಬರೆದರೆ ಎಸ್ ಆಗುತ್ತದೆ, ‘ಹಳೆಯದು, ಸಡಿಲವಾಗಿದೆ’ ಎಂದು ಬರೆದರೆ ಎಂ ಆಗುತ್ತದೆ.

ನಮ್ಮ ದೇಶದ ಆರೋಗ್ಯ ವಿಮೆಯಲ್ಲಿ, ನಿರ್ದಿಷ್ಟ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಗಳಿಗೆ ಕಾಯುವ ಅವಧಿ ಇಡಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಏಕರೂಪದ ಷರತ್ತನ್ನು ರೂಪಿಸಿದೆ. ಆ ಷರತ್ತಿನಲ್ಲಿಯೇ, ಅಪಘಾತದಿಂದ ಉಂಟಾದ ಕ್ಲೇಮುಗಳಿಗೆ ಇದು ಅನ್ವಯಿಸುವುದಿಲ್ಲ ಎಂಬ ಮಾತೂ ಇದೆ. ನಿಮ್ಮ ಪಾಲಿಸಿ ಪುಸ್ತಿಕೆಯ ‘ಹೊರಗಿಡುವಿಕೆ’ ಭಾಗವನ್ನು ತೆರೆದು ಆ ಸಾಲನ್ನು ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳಿ. ನೀವು ಕಂಪನಿಗೆ ಬರೆಯುವ ಉತ್ತರದ ಬೆನ್ನೆಲುಬು ಅದೇ. ಕಂಪನಿ ಎಂ23.9 ನೋಡಿ ‘ಪಟ್ಟಿಯಲ್ಲಿರುವ ಕಾಯಿಲೆ’ ಎಂದಿತು. ಕಾಗದದಲ್ಲಿ ಅಪಘಾತದ ಮಾತೇ ಇಲ್ಲದಿದ್ದಾಗ ಅವರು ಬೇರೆ ಏನು ಎಂದುಕೊಳ್ಳಲು ಸಾಧ್ಯ?

ಹಾಗಾದರೆ ಬೆಂಗಳೂರಿನ ಆಸ್ಪತ್ರೆ ತಪ್ಪು ಕೋಡ್ ಹಾಕಿತೇ? ಕೋಡ್ ಹಾಕಿದವರು ತಪ್ಪು ಮಾಡಲಿಲ್ಲ. ‘ಇಂಟರ್ನಲ್ ಡಿರೇಂಜ್‌ಮೆಂಟ್ ಆಫ್ ನೀ’ ಎಂಬ ಪದಕ್ಕೆ ಪುಸ್ತಕದಲ್ಲಿರುವ ಕೋಡ್ ಎಂ23.9. ಆ ಪದ ಅಲ್ಲಿಗೆ ಬಂದ ದಾರಿಯನ್ನು ನಾನು ಊಹಿಸಬಲ್ಲೆ, ಏಕೆಂದರೆ ಅದನ್ನು ನೂರಾರು ಕಡತಗಳಲ್ಲಿ ನೋಡಿದ್ದೇನೆ. ಮೂಳೆ ವಿಭಾಗದ ಹೊರರೋಗಿ ಚೀಟಿಗಳಲ್ಲಿ ‘ಐಡಿಕೆ’ ಎಂಬ ಮೂರಕ್ಷರ ಬಹಳ ಪ್ರಚಲಿತ. ಮಂಡಿಯೊಳಗೆ ಏನೋ ಕೆಟ್ಟಿದೆ, ಎಂಆರ್‌ಐ ಬಂದ ಮೇಲೆ ತಿಳಿಯುತ್ತದೆ ಎಂಬುದಕ್ಕೆ ಅದು ತಾತ್ಕಾಲಿಕ ಹೆಸರು. ಎಂಆರ್‌ಐ ಬಂದ ಮೇಲೆ ಆ ಹೆಸರು ಹೋಗಬೇಕು. ಆದರೆ ದಾಖಲಾತಿ ಫಾರ್ಮಿಗೆ, ಅಲ್ಲಿಂದ ವಿಮೆಯ ಪೂರ್ವಾನುಮತಿ ಅರ್ಜಿಗೆ, ಅಲ್ಲಿಂದ ಡಿಸ್ಚಾರ್ಜ್ ಸಾರಾಂಶಕ್ಕೆ ಅದೇ ಪದ ನಕಲಾಗುತ್ತಾ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ಶಸ್ತ್ರವೈದ್ಯರು ಎಲ್ಲವನ್ನೂ ಸರಿಯಾಗಿ ಬರೆದಿರುತ್ತಾರೆ. ಸಾರಾಂಶವನ್ನು ಟೈಪ್ ಮಾಡುವವರು ಆ ಪುಟವನ್ನು ತಿರುವಿರುವುದಿಲ್ಲ. ಹಾಗಾಗಿ ನೀವು ಮೊದಲು ಕೇಳಬೇಕಾದದ್ದು ಆ ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು.

ಕೋಡರ್ ಎಂಆರ್‌ಐ ವರದಿ ಓದಿ ತಾನೇ ಎಸ್83.0 ಎಂದು ಹಾಕಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಹಾಕುವಂತಿಲ್ಲ. ಚಿಕಿತ್ಸೆ ನೀಡುವ ವೈದ್ಯರು ರೋಗನಿರ್ಣಯವೆಂದು ಬರೆದದ್ದಕ್ಕೆ ಮಾತ್ರ ಕೋಡ್. ಸ್ಕ್ಯಾನ್ ವರದಿ ಬೇರೆ ಮಾತು ಹೇಳಿದರೆ ಕೋಡರ್ ವೈದ್ಯರಿಗೆ ಲಿಖಿತವಾಗಿ ಪ್ರಶ್ನೆ ಕೇಳಬೇಕು. ಕೇಳಿದ್ದರೆ ಈ ಪತ್ರವನ್ನು ನೀವು ಬರೆಯಬೇಕಾಗಿಯೇ ಇರಲಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ದಿನಕ್ಕೆ ಅಷ್ಟೊಂದು ಡಿಸ್ಚಾರ್ಜುಗಳ ನಡುವೆ ಆ ಪ್ರಶ್ನೆ ಕೇಳುವ ಪುರುಸೊತ್ತು ಕಡಿಮೆ. ಅದು ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಅಂತರಜಾಲದಲ್ಲಿ ಕಂಡ ಎಸ್83.105ಎ ಬಗ್ಗೆ. ಅದು ಅಮೆರಿಕದ ಕೋಡ್. ಆ ದೇಶ ಐಸಿಡಿ-10ನ್ನು ತನ್ನ ಅಗತ್ಯಕ್ಕೆ ವಿಸ್ತರಿಸಿಕೊಂಡು 2015ರ ಅಕ್ಟೋಬರ್ 1ರಿಂದ ಬಳಸುತ್ತಿದೆ. ಅದರ ಹೆಸರು ಐಸಿಡಿ-10-ಸಿಎಂ. ಅಲ್ಲಿ ಕೋಡ್ ಏಳು ಸ್ಥಾನಗಳವರೆಗೆ ಬೆಳೆಯುತ್ತದೆ. ನೀವು ನೋಡಿದ್ದರಲ್ಲಿ ಐದನೆಯ ಸ್ಥಾನದ ಸೊನ್ನೆ ಎಂದರೆ ಯಾವ ದಿಕ್ಕಿಗೆ ತಪ್ಪಿತೆಂದು ಹೇಳಿಲ್ಲ, ಆರನೆಯ ಸ್ಥಾನದ 5 ಎಂದರೆ ಎಡ ಮಂಡಿ ಪೂರ್ತಿ ತಪ್ಪಿದೆ, ಕೊನೆಯ ಎ ಎಂದರೆ ಚಿಕಿತ್ಸೆ ಸಕ್ರಿಯವಾಗಿ ನಡೆಯುತ್ತಿದೆ. ಎಡ ಮಂಡಿಚಿಪ್ಪು ಹೊರಬದಿಗೆ ಜಾರಿದ್ದಕ್ಕೆ ಅವರಲ್ಲಿ ಎಸ್83.015ಎ ಎಂದಿದೆ. ಆ ಕೊನೆಯ ಎ ಅಕ್ಷರವನ್ನು ‘ಮೊದಲ ಭೇಟಿ’ ಎಂದು ತಿಳಿಯುವವರು ಬಹಳ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೂ ಮೊದಲ ವಾರ ನಾನು ತಿದ್ದುತ್ತಿದ್ದ ತಪ್ಪು ಅದೇ. 19 ದಿನಗಳ ನಂತರ ಮಾಡುವ ಶಸ್ತ್ರಚಿಕಿತ್ಸೆಯೂ ಸಕ್ರಿಯ ಚಿಕಿತ್ಸೆಯೇ, ಅದಕ್ಕೂ ಎ. ವಾಸಿಯಾಗುವ ಹಂತದ ಭೇಟಿಗಳಿಗೆ ಡಿ. ಗಾಯ ಮಾಗಿದ ಮೇಲೆ ಉಳಿದ ತೊಂದರೆಗೆ ಎಸ್. ಭಾರತದಲ್ಲಿ ಬಹುತೇಕ ಆಸ್ಪತ್ರೆಗಳು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಆವೃತ್ತಿಯ ನಾಲ್ಕು ಸ್ಥಾನಗಳಲ್ಲೇ ನಿಲ್ಲಿಸುತ್ತವೆ. ಅಲ್ಲಿ ಎಡ, ಬಲ ಎಂಬ ಅಂಕಿಯೇ ಇಲ್ಲ. ಆದ್ದರಿಂದ ನಿಮ್ಮ ಆಸ್ಪತ್ರೆ ‘ಅರ್ಧ ಕೋಡ್’ ಬರೆದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದೇ ಸಂದರ್ಭದಲ್ಲಿ, ನನಗೆ ಪದೇ ಪದೇ ಬರುವ ಇನ್ನೊಂದು ದೂರಿಗೂ ಉತ್ತರ ಹೇಳಿಬಿಡುತ್ತೇನೆ. ಲಿಗಮೆಂಟ್ ಪೂರ್ತಿ ಹರಿದವರ ಕಾಗದದಲ್ಲೂ ಕೋಡಿನ ಎದುರು ‘ಸ್ಪ್ರೈನ್’ ಎಂದಿರುತ್ತದೆ. ‘ಇಷ್ಟು ದೊಡ್ಡ ಆಪರೇಷನ್ ಆಗಿದೆ, ಉಳುಕು ಎಂದು ಬರೆದಿದ್ದಾರೆ’ ಎಂದು ಜನ ಸಿಟ್ಟಾಗುತ್ತಾರೆ. ಆ ವರ್ಗೀಕರಣದಲ್ಲಿ ಲಿಗಮೆಂಟಿನ ಹಿಗ್ಗುವಿಕೆ, ಹರಿಯುವಿಕೆ, ಕಿತ್ತುಬರುವಿಕೆ ಎಲ್ಲವನ್ನೂ ಆ ಒಂದೇ ಶೀರ್ಷಿಕೆಯ ಕೆಳಗೆ ಇಟ್ಟಿದ್ದಾರೆ. ಗಾಯವನ್ನು ಯಾರೂ ಕಡಿಮೆ ಮಾಡಿ ಬರೆದಿಲ್ಲ.

ಈಗ ಥ್ರೋಬಾಲ್ ವಿಷಯ. ಮಗಳು ಹೇಳಿದ್ದು ಸರಿ. ಹೇಳಬಾರದಿತ್ತು ಎಂದು ಅವಳಿಗೆ ಎಂದೂ ಅನ್ನಬೇಡಿ. ಶಸ್ತ್ರವೈದ್ಯರು ಯಾವ ಶಸ್ತ್ರಚಿಕಿತ್ಸೆ ಮಾಡಬೇಕೆಂದು ತೀರ್ಮಾನಿಸುವುದೇ ಆ ಮಾಹಿತಿಯ ಮೇಲೆ. ಚಿಪ್ಪು ಮೊದಲ ಸಲ ಜಾರಿದ್ದರೆ, ಮೂಳೆಯ ಚೂರು ಕಳಚದಿದ್ದರೆ, ಸಾಮಾನ್ಯವಾಗಿ ಪಟ್ಟಿ, ವ್ಯಾಯಾಮಗಳಲ್ಲೇ ಮುಗಿಸುತ್ತಾರೆ. ಲಿಗಮೆಂಟನ್ನು ಹೊಸದಾಗಿ ಕಟ್ಟುವ ಶಸ್ತ್ರಚಿಕಿತ್ಸೆ ಹೆಚ್ಚಾಗಿ ಮರುಕಳಿಸಿದವರಿಗೆ. ವಿಮಾ ಕಂಪನಿಯ ಸಂಶಯಕ್ಕೂ ಇಲ್ಲೊಂದು ನ್ಯಾಯವಾದ ಆಧಾರವಿದೆ ಎಂಬುದನ್ನು ಒಪ್ಪಿಕೊಳ್ಳಬೇಕು: ಅಂಥ ಶಸ್ತ್ರಚಿಕಿತ್ಸೆಯ ಹೆಸರನ್ನು ನೋಡಿದ ಕೂಡಲೇ ಅವರ ವೈದ್ಯರಿಗೆ ‘ಇದು ಎಷ್ಟನೆಯ ಸಲ?’ ಎಂಬ ಪ್ರಶ್ನೆ ಬರುತ್ತದೆ.

ಕೋಡಿನ ಪ್ರಕಾರ, ಪದೇ ಪದೇ ಚಿಪ್ಪು ಜಾರುವ ಸ್ಥಿತಿಗೆ ಎಂ22.0. ಹೊಸ ಪೆಟ್ಟಿನಿಂದ ಜಾರಿದ್ದಕ್ಕೆ ಎಸ್83.0. ಒಂದೇ ಘಟನೆಗೆ ಎರಡನ್ನೂ ಹಾಕುವುದಿಲ್ಲ. ಮೂರು ವರ್ಷದ ಹಿಂದೆ ಒಮ್ಮೆ ಜಾರಿದ್ದರಿಂದ ಇದು ‘ಮರುಕಳಿಸುವ’ ತೊಂದರೆ ಆಯಿತೇ, ಅಥವಾ ರಸ್ತೆಯಲ್ಲಿ ಬಿದ್ದು ಆದ ಹೊಸ ಗಾಯವೇ? ಇದನ್ನು ನಾನೂ ಹೇಳುವಂತಿಲ್ಲ, ನೀವೂ ಹೇಳುವಂತಿಲ್ಲ, ಏಜೆಂಟರಂತೂ ಹೇಳುವಂತೆಯೇ ಇಲ್ಲ. ವೈದ್ಯರು ತಮ್ಮ ವಿವೇಚನೆಯಿಂದ ಬರೆಯಬೇಕು. ಅವರ ಮುಂದೆ ಹೊಸ ಗಾಯದ ಪುರಾವೆ ಬಲವಾಗಿಯೇ ಇದೆ. ಮೂಳೆ ಜಜ್ಜಿದ ಗುರುತು ಕೆಲವು ತಿಂಗಳಲ್ಲಿ ಎಂಆರ್‌ಐನಿಂದ ಅಳಿಸಿಹೋಗುತ್ತದೆ. ಪಿಯುಸಿ ಕಾಲದ್ದಾಗಿದ್ದರೆ ಈಗ ಕಾಣುತ್ತಿರಲಿಲ್ಲ. ಕೀಲಿನಿಂದ ಅಂದೇ ರಕ್ತ ತೆಗೆದಿದ್ದಾರೆ. ಚಿಪ್ಪಿನ ಚೂರು ಕಳಚಿದ್ದೂ ಹೊಸತೇ ಎಂದು ಶಸ್ತ್ರವೈದ್ಯರು ದೃಢಪಡಿಸಿದರೆ ಅದಕ್ಕೆ ಎಸ್82.0 ಎಂಬ ಪ್ರತ್ಯೇಕ ಕೋಡೇ ಇದೆ, ಅದು ಮಂಡಿಚಿಪ್ಪಿನ ಮುರಿತದ ಕೋಡ್. ನಿಮ್ಮ ಸಾರಾಂಶದಲ್ಲಿ ‘ಇತರ ರೋಗನಿರ್ಣಯ’ದ ಜಾಗ ಖಾಲಿ ಬಿಟ್ಟಿದ್ದಾರೆ.

ಕಂಪನಿ ಒಂದು ವೇಳೆ ‘ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ’ ಎಂಬ ಇನ್ನೊಂದು ದಾರಿ ಹಿಡಿದರೆ, ಆ ಪದಕ್ಕೂ ಪಾಲಿಸಿಯಲ್ಲಿ ವ್ಯಾಖ್ಯೆ ಇದೆ: ಪಾಲಿಸಿ ಶುರುವಾಗುವ ಮೊದಲಿನ ಇಂತಿಷ್ಟು ತಿಂಗಳಲ್ಲಿ ವೈದ್ಯರು ಗುರುತಿಸಿದ, ಅಥವಾ ವೈದ್ಯರ ಸಲಹೆ, ಚಿಕಿತ್ಸೆ ಪಡೆದ ತೊಂದರೆ. ಹಳೆಯ ಪಾಲಿಸಿಗಳಲ್ಲಿ ಅದು 48 ತಿಂಗಳು, 2024ರ ನಿಯಮಗಳ ನಂತರ 36. ವೈದ್ಯರ ಬಳಿಗೇ ಹೋಗದ ಘಟನೆ ಆ ವ್ಯಾಖ್ಯೆಯೊಳಗೆ ಸುಲಭವಾಗಿ ಕೂರುವುದಿಲ್ಲ. ಆದರೂ ಪಾಲಿಸಿ ಕೊಳ್ಳುವಾಗ ತುಂಬಿದ ಅರ್ಜಿಯನ್ನು ಒಮ್ಮೆ ತೆಗೆದು ನೋಡಿ. ‘ಹಿಂದೆ ಯಾವುದೇ ಗಾಯವಾಗಿತ್ತೇ’ ಎಂಬ ಪ್ರಶ್ನೆ ಅದರಲ್ಲಿದ್ದು, ಇಲ್ಲವೆಂದು ಉತ್ತರಿಸಿದ್ದರೆ ಕಂಪನಿ ಅದನ್ನು ಎತ್ತಬಹುದು. ಆಗ ಮುಚ್ಚಿಡದೆ, ನಡೆದದ್ದು ಹೀಗೆ, ವೈದ್ಯರಿಗೆ ತೋರಿಸುವಷ್ಟು ತೊಂದರೆ ಆಗಿರಲಿಲ್ಲ ಎಂದು ಬರೆದುಕೊಡಿ.

ಮುಂದೇನು ಮಾಡಬೇಕು? ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಒಂದು ಲಿಖಿತ ಅರ್ಜಿ ಕೊಟ್ಟು ಒಳರೋಗಿ ಕಡತದ ಪೂರ್ತಿ ಪ್ರತಿ ಕೇಳಿ, ವಿಶೇಷವಾಗಿ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ದಾಖಲಾತಿಯ ಹಾಳೆ, ಮತ್ತು ಕಂಪನಿಗೆ ಕಳುಹಿಸಿದ ಕ್ಲೇಮ್ ಫಾರ್ಮಿನ ಎರಡನೆಯ ಭಾಗ. ರೋಗಿಯೋ ಅವರ ಅಧಿಕೃತ ಪ್ರತಿನಿಧಿಯೋ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಒದಗಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಮಗಳು ವಯಸ್ಕಳು, ಸಹಿ ಅವಳದ್ದೇ ಇರಲಿ.

ಆ ಕ್ಲೇಮ್ ಫಾರ್ಮಿನ ಎರಡನೆಯ ಭಾಗವನ್ನು ಆಸ್ಪತ್ರೆಯೇ ತುಂಬುತ್ತದೆ, ರೋಗಿಯ ಕಡೆಯವರು ಅದನ್ನು ಬಹುತೇಕ ನೋಡಿಯೇ ಇರುವುದಿಲ್ಲ. ಐಸಿಡಿ-10 ಕೋಡಿನ ಮನೆಗಳ ಜೊತೆಗೆ ‘ದಾಖಲಾತಿ ಗಾಯದಿಂದಾಗಿದೆಯೇ’, ‘ರಸ್ತೆ ಅಪಘಾತವೇ’, ‘ಪೊಲೀಸರಿಗೆ ತಿಳಿಸಲಾಗಿದೆಯೇ’ ಎಂಬ ಪ್ರಶ್ನೆಗಳೂ ಅಲ್ಲಿರುತ್ತವೆ. ರೋಗನಿರ್ಣಯ ಎಂ ಅಕ್ಷರದ್ದಾದ್ದರಿಂದ ಗಾಯದ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅದೂ ತಿದ್ದುಪಡಿಯಾಗಬೇಕು. ಅಪಘಾತದ ಬಗೆಗೂ ಐಸಿಡಿಯಲ್ಲಿ ಕೋಡ್ ಇದೆ: ಇನ್ನೊಂದು ವಾಹನಕ್ಕೆ ಡಿಕ್ಕಿಯಾಗದೆ ರಸ್ತೆಯಲ್ಲಿ ಬಿದ್ದ ದ್ವಿಚಕ್ರ ವಾಹನದ ಹಿಂಬದಿ ಸವಾರರಿಗೆ ವಿ28.5. ಅದಿಲ್ಲದಿದ್ದರೂ ಕ್ಲೇಮ್ ನಿಲ್ಲಬೇಕಿಲ್ಲ, ಇದ್ದರೆ ಕತೆ ಪೂರ್ತಿಯಾಗುತ್ತದೆ. ಪೊಲೀಸ್ ದಾಖಲೆ ಆಗಿರಲಿಲ್ಲವೆಂದರೆ ಇಲ್ಲ ಎಂದೇ ಹೇಳಿ. ಎಂದು, ಎಲ್ಲಿ, ಹೇಗೆ ಬಿದ್ದಳೆಂದು ಮಗಳು ಸ್ವಂತ ಹೇಳಿಕೆ ಬರೆದುಕೊಡಲಿ, ಸ್ಕೂಟರ್ ಓಡಿಸುತ್ತಿದ್ದ ಗೆಳತಿಯೂ ಬರೆದುಕೊಡಬಹುದು. ತಿಂಗಳುಗಳ ನಂತರ ಹಿಂದಿನ ದಿನಾಂಕದ ಕಾಗದ ಹುಟ್ಟಿಸಲು ಹೋಗಬೇಡಿ.

ಕಡತ ಕೈಗೆ ಬಂದ ಮೇಲೆ ಶಸ್ತ್ರವೈದ್ಯರನ್ನು ಭೇಟಿಯಾಗಿ. ‘ಕೋಡ್ ಬದಲಾಯಿಸಿ’ ಎಂದು ಕೇಳಬೇಡಿ. ಆ ಮಾತು ಕಿವಿಗೆ ಬಿದ್ದರೆ ಯಾವ ವೈದ್ಯರಾದರೂ ಹಿಂದೆ ಸರಿಯುತ್ತಾರೆ, ಸರಿಯುವುದೇ ಸರಿ. ‘ಸಾರಾಂಶದಲ್ಲಿರುವ ರೋಗನಿರ್ಣಯಕ್ಕೂ ಎಂಆರ್‌ಐ ಮತ್ತು ನಿಮ್ಮ ಆಪರೇಷನ್ ಟಿಪ್ಪಣಿಗೂ ಹೊಂದಿಕೆ ಇಲ್ಲ, ಗಾಯದ ಹೆಸರು, ಕಾರಣ, ಯಾವ ಕಾಲು, ಹೊಸದೋ ಮರುಕಳಿಸಿದ್ದೋ ಎಂಬುದನ್ನು ದಯವಿಟ್ಟು ಸ್ಪಷ್ಟಪಡಿಸಿ’ ಎಂದು ಕೇಳಿ. ಅವರು ಒಪ್ಪಿದರೆ ತಿದ್ದುಪಡಿ ಬರುವುದು ಪ್ರತ್ಯೇಕ ಹಾಳೆಯಲ್ಲಿ, ಇಂದಿನ ದಿನಾಂಕ, ಸಹಿ, ಮೊಹರಿನೊಂದಿಗೆ. ಹಳೆಯ ಸಾರಾಂಶ ಕಡತದಲ್ಲಿ ಹಾಗೆಯೇ ಉಳಿಯಬೇಕು. ಹಳೆಯದನ್ನು ಹರಿದು ಹೊಸದನ್ನು ಹಳೆಯ ದಿನಾಂಕದಲ್ಲಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ. ಕಂಪನಿಯ ಬಳಿ ಮೊದಲ ಪ್ರತಿ ಈಗಾಗಲೇ ಇದೆ, ಎರಡು ಸಾರಾಂಶಗಳು ಎದುರುಬದುರಾದರೆ ಸತ್ಯವೂ ಸುಳ್ಳಿನಂತೆ ಕಾಣುತ್ತದೆ. ತಿದ್ದುಪಡಿಯ ಆಧಾರದ ಮೇಲೆ ದಾಖಲೆ ವಿಭಾಗ ತಾನಾಗಿಯೇ ಕೋಡ್ ಬದಲಾಯಿಸುತ್ತದೆ.

ಇದರಲ್ಲಿ ಒಂದು ಅಪಾಯವಿದೆ. ವೈದ್ಯರು ಎಲ್ಲವನ್ನೂ ನೋಡಿ ‘ಮರುಕಳಿಸಿದ ಜಾರುವಿಕೆ’ ಎಂದೇ ಬರೆಯಬಹುದು. ಆಗ ಕೋಡ್ ಎಂ22.0 ಆಗುತ್ತದೆ, ಎಂ ಅಕ್ಷರ ಉಳಿಯುತ್ತದೆ. ಆದರೂ ಎಂ23.9ಕ್ಕಿಂತ ನಿಮ್ಮ ಸ್ಥಿತಿ ಉತ್ತಮ, ಏಕೆಂದರೆ ಈ ಸಲದ ಜಾರುವಿಕೆ ರಸ್ತೆ ಅಪಘಾತದಿಂದ ಆಯಿತು ಎಂಬ ಮಾತೂ, ಕಳಚಿದ ಚೂರಿನ ಮಾತೂ ದಾಖಲೆಯಲ್ಲಿರುತ್ತದೆ. ಕಾಯುವ ಅವಧಿಯ ಷರತ್ತು ಕೇಳುವುದು ಕ್ಲೇಮ್ ಅಪಘಾತದಿಂದ ಬಂದಿದೆಯೇ ಎಂಬುದನ್ನು. ಕೋಡಿನ ಅಕ್ಷರ ಯಾವುದು ಎಂಬುದನ್ನಲ್ಲ. ಅಲ್ಲಿ ವಾದಕ್ಕೆ ಜಾಗವಿದೆ, ಗೆಲುವಿನ ಖಾತ್ರಿ ಇಲ್ಲ.

ಎಲ್ಲವನ್ನೂ ಕಳುಹಿಸಿದ ಮೇಲೂ ಕಂಪನಿ ತಿರಸ್ಕರಿಸಿದರೆ, ಕಾರಣವನ್ನೂ ಪಾಲಿಸಿಯ ಯಾವ ಷರತ್ತು ಎಂಬುದನ್ನೂ ಲಿಖಿತವಾಗಿ ಪಡೆಯಿರಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅಲ್ಲಿ ಓದುವುದು ಕಾಗದವನ್ನೇ, ಆದ್ದರಿಂದ ಮೇಲಿನ ಕೆಲಸಗಳನ್ನು ಮುಗಿಸಿಕೊಂಡೇ ಹೋಗಿ.

ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನರ್ಸಿಂಗ್ ಹೋಂನ ಆ ಮೊದಲ ಚೀಟಿಯನ್ನು ನಾಳೆಯೇ ಸ್ಕ್ಯಾನ್ ಮಾಡಿಸಿ, ಮೂಲವನ್ನು ಮಡಿಸದೆ ಒಂದು ಲಕೋಟೆಯಲ್ಲಿಡಿ. ಬಿದ್ದ ದಿನದ ತಾರೀಕು, ‘ಸ್ಕೂಟರಿನಿಂದ ಬಿದ್ದು’ ಎಂಬ ಮಾತು, ‘ರಕ್ತ 40 ಮಿ.ಲೀ. ತೆಗೆಯಲಾಗಿದೆ’ ಎಂಬ ಸಾಲು ಒಟ್ಟಿಗೆ ಇರುವುದು ಅದೊಂದರಲ್ಲೇ. ನೀವು ಕಳುಹಿಸಿದ ಚಿತ್ರದಲ್ಲಿ ಆ ಕೊನೆಯ ಸಾಲು ಮಡಿಕೆಯ ಮೇಲೆ ಬಿದ್ದು ಈಗಾಗಲೇ ಮಾಸತೊಡಗಿದೆ.